ನಾಲ್ಕು ಜನ

ಕನ್ನಡ ನಾಡಿನ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚಿನ ಅಧಿಕಾರವುಳ್ಳವರು ಯಾರೆಂದು ಕೇಳಿದರೆ, ಮನೆಯ ಯಜಮಾನನೆಂದು ಕೆಲವರೂ ಯಜಮಾನಿಯೆಂದು ಕೆಲವರೂ ಹೇಳಿಯಾರು. ನಿಜವಾಗಿ ನೋಡಿದರೆ ಆ ಅಧಿಕಾರ ಇಬ್ಬರದೂ ಅಲ್ಲ. ‘ನಾಲ್ಕು ಜನ’ ಎಂಬವರದು. ಇವರ ಹೆಸರನ್ನು ಯಾರೂ ಹೇಳಿದ್ದಿಲ್ಲ, ಇವರ ಮನೆ ಯಾವ ಬೀದಿಯಲ್ಲಿದೆಯೆಂದು ಯಾರೂ ತೋರಿಸಿದ್ದಿಲ್ಲ. ಆದರೂ ಮಗಳ ಮದುವೆಗೆ ಎಷ್ಟು ಸಾಲ ಮಾಡಬೇಕು, ಮಗನು ಯಾವ ಓದು ಓದಬೇಕು, ಹೊಸ ಮನೆಯ ಮುಂಬಾಗಿಲು ಎಷ್ಟು ಅಗಲವಿರಬೇಕು ಎಂಬುದನ್ನೆಲ್ಲ ಕಟ್ಟಕಡೆಗೆ ತೀರ್ಮಾನಿಸುವವರು ಇವರೇ. “ನಾಲ್ಕು ಜನ ಏನೆಂದಾರು?” ಎಂಬ ಒಂದು ಮಾತು ಬಂದಿತೆಂದರೆ ಮನೆಯೊಳಗಿನ ಚರ್ಚೆ ಮುಗಿಯಿತು; ಅದರ ಮೇಲೆ ಅಪೀಲು ಇಲ್ಲ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ಈ ನಾಲ್ವರ ಆಳ್ವಿಕೆ ಹಿಂದೆಯೂ ಇತ್ತು, ಈಗಲೂ ಇದೆ. ಹಿಂದೆ ಇವರು ಊಟದ ಪಂಕ್ತಿಯಲ್ಲಿ ಎಷ್ಟು ಬಗೆ ಭಕ್ಷ್ಯವಿತ್ತೆಂದು ಎಣಿಸುತ್ತಿದ್ದರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದು ಸುತ್ತಣ ಹೊಲಗಳಿಗೆ ಚಿನ್ನದ ಬೆಲೆ ಬಂದಮೇಲೆ, ಹೊಲ ಮಾರಿದವನು ಯಾವ ಕಾರು ಕೊಂಡನು, ಎಷ್ಟು ಅಂತಸ್ತಿನ ಮನೆ ಕಟ್ಟಿಸಿದನು ಎಂದು ಎಣಿಸುತ್ತಾರೆ. ಲೆಕ್ಕದ ವಸ್ತು ಬದಲಾಯಿತು. ಲೆಕ್ಕ ಮಾಡುವವರು ಬದಲಾಗಲಿಲ್ಲ.

ನಾಲ್ವರೇ ಏಕೆ, ಮೂವರೋ ಐವರೋ ಏಕಲ್ಲ ಎಂದು ಯೋಚಿಸಿದರೆ ಒಂದು ಉತ್ತರ ತೋರುತ್ತದೆ. ಮನುಷ್ಯನ ಕಡೆಯ ಪ್ರಯಾಣಕ್ಕೆ ಬೇಕಾದ ಹೆಗಲು ನಾಲ್ಕು. ಎಷ್ಟೇ ಸಿರಿವಂತನಾದರೂ ಚಟ್ಟವನ್ನು ತಾನೇ ಹೊತ್ತುಕೊಂಡು ಹೋಗಲಾರನು. “ಹೊರುವುದಕ್ಕೆ ನಾಲ್ಕು ಜನವಾದರೂ ಬೇಡವೆ?” ಎಂದು ಹಿರಿಯರು ಬುದ್ಧಿ ಹೇಳುವಾಗ, ಜನದ ಮೆಚ್ಚುಗೆಗಾಗಿ ಮನುಷ್ಯನು ಪಡುವ ಪಾಡಿನ ಅಡಿಯಲ್ಲಿ ಏನಿದೆಯೆಂಬುದು ಹೊರಬೀಳುತ್ತದೆ. ಹೊಗಳಿಸಿಕೊಳ್ಳುವ ಚಪಲವಷ್ಟೇ ಅಲ್ಲಿರುವುದಲ್ಲ. ಒಂಟಿಯಾಗಿ ಬಿದ್ದುಹೋದೇನು, ಎತ್ತುವವರಿಲ್ಲದೆ ಹೋದಾರು ಎಂಬ ಭಯ ಅಲ್ಲಿದೆ. ಆ ಭಯವನ್ನು ಹಗುರವೆಂದು ತಳ್ಳಿಹಾಕುವವನು ಮನುಷ್ಯರ ನಡುವೆ ಬಾಳಿದವನಲ್ಲ.

ಆದಕಾರಣ ಈ ನಾಲ್ವರನ್ನು ನಿಂದಿಸಿ ಲಾಭವಿಲ್ಲ. ಅವರಿಂದ ಆಗಿರುವ ಉಪಕಾರವೂ ಸಣ್ಣದಲ್ಲ. ಕುಡಿದು ಬೀದಿಗೆ ಬರಬೇಕೆಂದವನನ್ನು ಮನೆಯೊಳಗೆ ನಿಲ್ಲಿಸಿದವರು ಇವರು. ವೃದ್ಧರಾದ ತಾಯಿತಂದೆಗಳನ್ನು ಹೊರಗೆ ಹಾಕಬೇಕೆಂದವನ ಕೈ ಹಿಡಿದವರು ಇವರು. ವ್ಯವಹಾರದಲ್ಲಂತೂ ಇತರರ ಮೆಚ್ಚುಗೆಯಿಲ್ಲದೆ ಒಂದು ದಿನವೂ ಸಾಗದು. ದೊಡ್ಡಬಳ್ಳಾಪುರದ ನೇಕಾರನು ಮಗ್ಗದಿಂದ ಇಳಿಸಿದ ಸೀರೆಯನ್ನು ವರ್ತಕನ ಮುಂದೆ ಹಾಸುತ್ತಾನೆ. ವರ್ತಕನು ಅಂಚನ್ನು ಬೆರಳಿನಿಂದ ಸವರಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದೆಯೇ ಎಂದು ನೋಡುತ್ತಾನೆ. ಅವನು ತಲೆಯಾಡಿಸಿದರೆ ಆ ವಾರದ ಅಕ್ಕಿಬೇಳೆ. ಮುಖ ಸಿಂಡರಿಸಿದರೆ ಕೂಲಿಗೆ ಮುರಿತ. ಸೀರೆಯನ್ನು ತೂಗಿನೋಡುವುದು ನ್ಯಾಯವೇ. ಆದರೆ ವರ್ತಕನ ಮುಖ ನೋಡಿ ನೋಡಿ ರೂಢಿಯಾದ ಕಣ್ಣು, ಮನೆಗೆ ಬಂದಮೇಲೂ ಎಲ್ಲರ ಮುಖವನ್ನೂ ಹಾಗೆಯೇ ನೋಡತೊಡಗಿದರೆ ಆಪತ್ತು ಅಲ್ಲಿ ಹುಟ್ಟುತ್ತದೆ. ಸೀರೆಗೆ ಬೆಲೆ ಕಟ್ಟುವವನು ಇದ್ದಾನೆ. ಸೀರೆ ನೆಯ್ದವನಿಗೆ ಬೆಲೆ ಕಟ್ಟುವವರು ಯಾರು? ಅದನ್ನೂ ವರ್ತಕನಿಗೇ ಒಪ್ಪಿಸಿದವನು ದಿನಕ್ಕೊಂದು ಬೆಲೆಗೆ ಮಾರಾಟವಾಗುತ್ತಾನೆ.

ಹೀಗೆ ಮಾರಾಟವಾಗುವವನು ದುಷ್ಟನಾಗಿರಬೇಕಿಲ್ಲ. ಬಹುಮಟ್ಟಿಗೆ ಅವನು ಸಾಧುವೇ ಆಗಿರುತ್ತಾನೆ. ದೇವನಹಳ್ಳಿಯ ಕಡೆಯ ಒಂದು ಊರಿನ ಉಪಾಧ್ಯಾಯನನ್ನು ಕಲ್ಪಿಸಿಕೊಳ್ಳೋಣ; ಅಂಥವನು ಎಲ್ಲ ಊರುಗಳಲ್ಲಿಯೂ ಉಂಟು. ಅವನು ಕ್ರೈಸ್ತನು. ಊರಿನಲ್ಲಿ ಆ ಮತದ ಮನೆಗಳು ಬೆರಳೆಣಿಕೆಯಷ್ಟು. ಎಣಿಕೆಯಲ್ಲಿ ಕಡಮೆಯಾದವರಿಗೆ ಎಲ್ಲರಿಗೂ ಬೇಕಾದವರಾಗಿರುವುದು ಒಂದು ಗುಣವೆನ್ನುವುದಕ್ಕಿಂತ ಒಂದು ಅವಶ್ಯಕತೆ. ಅವನು ಊರ ಜಾತ್ರೆಗೆ ಚಂದಾ ಕೊಡುವನು, ಎಲ್ಲರ ಅರ್ಜಿಗಳನ್ನೂ ಬರೆದುಕೊಡುವನು, ಯಾರ ಮಾತಿಗೂ ಇದಿರಾಡನು. ಭಾನುವಾರ ದೇವಾಲಯದಲ್ಲಿ ಅವನಿಗೆ ಇನ್ನೊಂದು ನಾಲ್ಕು ಜನ. ಅಲ್ಲಿ ಪ್ರಾರ್ಥನೆಗೆ ಎದ್ದುನಿಂತರೆ ಅವನ ವಾಣಿ ಅಷ್ಟೇ ಮೃದು. “ಮೇಷ್ಟ್ರು ಬಹಳ ಒಳ್ಳೆಯವರು” ಎಂಬ ಮಾತು ಎರಡು ಕಡೆಗಳಲ್ಲಿಯೂ ಇತ್ತು. ಇಪ್ಪತ್ತು ವರ್ಷ ಈ ಮಾತನ್ನು ಅವನು ಹಣದಂತೆ ಕೂಡಿಟ್ಟನು.

ಒಂದು ದಿನ ಶಾಲೆಯಲ್ಲಿ ಪರೀಕ್ಷೆಯ ಶುಲ್ಕವೆಂದು ಕೂಡಿಸಿದ್ದ ಹಣ ಕಾಣೆಯಾಯಿತು. ಒಬ್ಬ ಕೂಲಿ ಹೆಂಗಸಿನ ಮಗನ ಮೇಲೆ ಅಪವಾದ ಬಂದಿತು. ಊರಿನ ಪ್ರಮುಖರು ನಾಲ್ವರು ಶಾಲೆಯ ಜಗಲಿಯ ಮೇಲೆ ಕುಳಿತು, ಅವನೇ ಇರಬೇಕೆಂದು ಗೊತ್ತುಮಾಡಿದರು. ಆ ಹೊತ್ತಿನಲ್ಲಿ ಆ ಹುಡುಗನು ಶಾಲೆಯಲ್ಲಿ ಇರಲೇ ಇಲ್ಲ. ಉಪಾಧ್ಯಾಯನೇ ಒಂದು ಕಾಗದ ಕೊಟ್ಟು ಅವನನ್ನು ಅಂಚೆಮನೆಗೆ ಕಳುಹಿಸಿದ್ದನು. ಇದನ್ನು ಬಲ್ಲವನು ಅವನೊಬ್ಬನೇ. ಹೇಳಿದರೆ ಸಂಶಯ ತಿರುಗಿ ಪ್ರಮುಖರಲ್ಲಿಯೇ ಒಬ್ಬರ ಮಗನ ಮೇಲೆ ಬೀಳುತ್ತಿತ್ತು. ಅವನು ಸುಮ್ಮನಿದ್ದನು. ಸುಳ್ಳು ಹೇಳಲಿಲ್ಲ, ಸುಮ್ಮನಿದ್ದನು, ಅಷ್ಟೆ. ಹುಡುಗನು ಚೀಲ ತೆಗೆದುಕೊಂಡು ಹೊರಟುಹೋದನು. ಪ್ರಮುಖರು ಏಳುವಾಗ, “ನಮ್ಮ ಮೇಷ್ಟ್ರು ಬಹಳ ಸಾಧು, ಗಲಾಟೆಗೆ ಬರುವವರಲ್ಲ” ಎಂದರು. ಇಪ್ಪತ್ತು ವರ್ಷ ಸವಿಯಾಗಿದ್ದ ಮಾತು ಅಂದು ಅವನ ಕಿವಿಗೆ ಕಾದ ಎಣ್ಣೆಯಂತೆ ಬಿದ್ದಿತು.

ಅಂಥ ರಾತ್ರಿಯಲ್ಲಿ ಕ್ರೈಸ್ತನೊಬ್ಬನು ತನ್ನ ಶಾಸ್ತ್ರವನ್ನು ತೆರೆದರೆ ಅಲ್ಲಿ ಕಾಣುವುದು ಮೊದಲು ತನ್ನ ಮುಖವೇ. ಯೇಸುವನ್ನು ಹಿಡಿದುಕೊಂಡು ಹೋದ ಇರುಳು, ಮಹಾಯಾಜಕನ ಮನೆಯ ಅಂಗಳದಲ್ಲಿ ಆಳುಗಳು ಚಳಿ ಕಾಯಿಸುತ್ತಿದ್ದ ಬೆಂಕಿಯ ಬಳಿ ಪೇತ್ರನೂ ನಿಂತಿದ್ದನು. ಕೇಳಿದವಳು ರಾಣಿಯಲ್ಲ, ನ್ಯಾಯಾಧಿಪತಿಯಲ್ಲ. ಮನೆಗೆಲಸದ ಒಬ್ಬ ಹೆಣ್ಣು. ಅವಳ ಒಂದು ಪ್ರಶ್ನೆಗೆ ಹೆದರಿ, ತನ್ನ ಗುರುವನ್ನು ಅರಿಯೆನೆಂದು ಅವನು ಹೇಳಿಬಿಟ್ಟನು. ಬೆಂಕಿಯ ಸುತ್ತಲಿನ ಬೆಚ್ಚನೆಯ ಜಾಗ ಎಲ್ಲಿ ತಪ್ಪಿಹೋಗುವುದೋ ಎಂಬ ಭಯ! ಇಷ್ಟಕ್ಕೇ ಮುಗಿದಿದ್ದರೆ, ಅದು ಪ್ರಾಣಭಯದಲ್ಲಿ ಆದ ಒಂದು ಸೋಲೆಂದು ಹೇಳಬಹುದಾಗಿತ್ತು. ಆದರೆ ಅದೇ ಪೇತ್ರನು, ಅಪೊಸ್ತಲರಲ್ಲಿ ಮುಖ್ಯನಾದಮೇಲೆ, ಅಂತಿಯೋಕ್ಯ ಪಟ್ಟಣದಲ್ಲಿ ಮತ್ತೊಮ್ಮೆ ಎಡವಿದನು. ಅಲ್ಲಿ ಅವನು ಅನ್ಯಜನರೊಡನೆ ಒಂದೇ ಪಂಕ್ತಿಯಲ್ಲಿ ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಆಚಾರವಂತರಾದ ಕೆಲವರು ಬಂದೊಡನೆ, ಅವರೇನೆನ್ನುವರೋ ಎಂದು ಪಂಕ್ತಿಯಿಂದ ಮೆಲ್ಲನೆ ಹಿಂದೆ ಸರಿದನು. ಪೌಲನು ಎಲ್ಲರ ಎದುರಿಗೆ ಅವನನ್ನು ಆಕ್ಷೇಪಿಸಬೇಕಾಯಿತು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಈ ಸಂಗತಿಯನ್ನು ಪೌಲನೇ ಹೇಳಿದ್ದಾನೆ.

ಪಂಕ್ತಿಭೇದದ ರುಚಿಯನ್ನು ಬಲ್ಲ ನಮ್ಮ ದೇಶದವರಿಗೆ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ಎಲೆಯ ಮುಂದಿನಿಂದ ಒಬ್ಬನು ಸರಿದು ಕುಳಿತರೆ ಪಕ್ಕದವನ ಎದೆಗೆ ಏನಾಗುವುದೆಂದು ಇಲ್ಲಿಯ ಜನ ತಲೆತಲಾಂತರದಿಂದ ಅರಿತಿದ್ದಾರೆ. ಗಮನಿಸಬೇಕಾದುದು ಇನ್ನೊಂದಿದೆ. ಪೇತ್ರನಿಗೆ ಅಂತಿಯೋಕ್ಯದಲ್ಲಿ ಪ್ರಾಣಭಯವಿರಲಿಲ್ಲ, ಧನನಷ್ಟವಿರಲಿಲ್ಲ. ಇದ್ದದ್ದು ಮೆಚ್ಚುಗೆ ತಪ್ಪೀತೆಂಬ ಅಳುಕು ಮಾತ್ರ. ಮತ್ತು ಆ ಮೆಚ್ಚುಗೆ ಲೋಕದವರದಲ್ಲ, ಭಕ್ತರದು. ಲೋಕದ ನಾಲ್ವರನ್ನು ಗೆದ್ದವನೂ ಭಕ್ತಮಂಡಲಿಯ ನಾಲ್ವರಿಗೆ ಸೋಲಬಹುದು. ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರನ್ನೂ, ತುತ್ತೂರಿ ಊದಿಸಿಕೊಂಡು ದಾನಮಾಡುವವರನ್ನೂ ಕುರಿತು ಯೇಸು ಬೆಟ್ಟದ ಮೇಲಣ ಪ್ರಸಂಗದಲ್ಲಿ ಆಡಿದ ಮಾತಿನ ಮೊನೆ ಇದೇ: ಅವರು ಬಯಸಿದ ಕೂಲಿ ಅವರಿಗೆ ಸಂದಾಯವಾಗಿಹೋಯಿತು, ಇನ್ನು ಬರಬೇಕಾದ ಬಾಕಿ ಏನೂ ಇಲ್ಲ.

ಹಾಗಾದರೆ ಬಿಡುಗಡೆ ಎಲ್ಲಿದೆ? ನಮ್ಮ ನಾಡಿನ ಪುರಾತನರು ಈ ಪ್ರಶ್ನೆಯನ್ನು ಬಲ್ಲರು. ಸ್ತುತಿನಿಂದೆಗಳಲ್ಲಿ, ಮಾನಾಪಮಾನಗಳಲ್ಲಿ ಸಮನಾಗಿರುವವನನ್ನು ಗೀತೆಯ ಹನ್ನೆರಡನೆಯ ಅಧ್ಯಾಯ ಭಕ್ತನೆಂದು ವರ್ಣಿಸುತ್ತದೆ. ಅದು ಉನ್ನತವಾದ ಶಿಖರ. ಅದನ್ನು ಏರಿದವರು ವಂದ್ಯರು. ಕ್ರೈಸ್ತನು ಹಿಡಿಯುವ ದಾರಿ ಅದಕ್ಕೆ ವಿರೋಧವೆಂದು ಹೇಳಬೇಕಾಗಿಲ್ಲ. ಆದರೆ ಅವನು ಹೊರಡುವ ಸ್ಥಳ ಬೇರೆ. ಮೆಚ್ಚುಗೆಯ ಹಸಿವನ್ನು ಬೇರುಸಹಿತ ಕಿತ್ತುಹಾಕೆಂದು ಸುವಾರ್ತೆ ಅವನಿಗೆ ಹೇಳುವುದಿಲ್ಲ. ಆ ಹಸಿವಿಗೆ ಅನ್ನವುಂಟು, ಅದನ್ನು ಬೀದಿಯಲ್ಲಿ ತಿರಿದು ತಿನ್ನಬೇಕಾಗಿಲ್ಲ ಎಂದು ಹೇಳುತ್ತದೆ.

ಇದು ಹೇಗೆಂದರೆ: ಯೇಸು ಯೊರ್ದನ್ ನದಿಯಲ್ಲಿ ಯೋಹಾನನಿಂದ ದೀಕ್ಷಾಸ್ನಾನ ಹೊಂದಿ ನೀರಿನಿಂದ ಮೇಲಕ್ಕೆ ಬಂದಾಗ, ಈತನು ಪ್ರಿಯನಾದ ಮಗನು, ಈತನನ್ನು ಮೆಚ್ಚಿದ್ದೇನೆ ಎಂಬ ಅರ್ಥದ ವಾಣಿ ಆಕಾಶದಿಂದ ಕೇಳಿಸಿತೆಂದು ಸುವಾರ್ತೆಗಳು ಹೇಳುತ್ತವೆ. ಇದನ್ನು ಓದುವವರು ಸಾಮಾನ್ಯವಾಗಿ ಮುಂದಕ್ಕೆ ಸಾಗಿಬಿಡುತ್ತಾರೆ. ಇದು ಹೇಳಿದ ಹೊತ್ತು ಯಾವುದೆಂದು ನಿಂತು ನೋಡಬೇಕು. ಮತ್ತಾಯ, ಮಾರ್ಕ, ಲೂಕರ ಕಥನದಲ್ಲಿ ಅವನು ಇನ್ನೂ ಒಂದು ಉಪದೇಶ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿರಲಿಲ್ಲ. ಕೆಲಸವೆಲ್ಲ ಮುಂದಿದೆ, ಮೆಚ್ಚುಗೆ ಮೊದಲೇ ಬಂದಿದೆ. ವರ್ತಕನ ಅಂಗಡಿಯಲ್ಲಿ ಸೀರೆ ಮೊದಲು, ತಲೆಯಾಡಿಸುವುದು ಆಮೇಲೆ. ತಾಯಿಯ ಮಡಿಲಲ್ಲಿ ಮಾತ್ರ ಕ್ರಮ ತಿರುಗುಮುರುಗು: ಮಗು ಇನ್ನೂ ನಡೆಯಲಾರದು, ನುಡಿಯಲಾರದು, ಯಾರಿಗೂ ಒಂದು ಕಾಸಿನ ಉಪಯೋಗವಿಲ್ಲ, ಆದರೂ ಅದನ್ನು ಎದೆಗೊತ್ತಿಕೊಂಡಾಗಿದೆ. ಕ್ರಿಸ್ತನ ಮೂಲಕ ತನಗೂ ಆ ಮಗುವಿನ ಪದವಿ ದೊರೆತಿದೆ ಎಂಬುದೇ ಕ್ರೈಸ್ತನ ನಂಬಿಕೆ. ಇದನ್ನು ಗಳಿಸಲಿಲ್ಲವಾದ್ದರಿಂದ ಕಳೆದುಕೊಳ್ಳುವ ಭಯವೂ ಇಲ್ಲ. ಹೊಟ್ಟೆ ತುಂಬಿದವನು ಪರರ ಅಡಿಗೆಮನೆಯ ಕಡೆ ಕಣ್ಣು ಹಾಯಿಸುತ್ತ ನಡೆಯುವುದಿಲ್ಲ. ಅದಕ್ಕೆ ಅವನು ವಿರಕ್ತನಾಗಬೇಕಾಗಿಲ್ಲ, ಉಂಡಿದ್ದರೆ ಸಾಕು.

ಈ ತತ್ತ್ವ ನಮ್ಮ ನಾಡಿನ ಬಾಳಿನಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದಕ್ಕೆ ಕನ್ನಡಿಗರೆಲ್ಲ ಬಲ್ಲ ಇಬ್ಬರನ್ನು ನೆನೆಯಬಹುದು. ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ, ತಾರುಣ್ಯದ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಾಸೆಲ್ ಮಿಷನ್ನಿನ ಬೋಧಕರಾಗಿ ಕರ್ನಾಟಕಕ್ಕೆ ಬಂದರು. ಕನ್ನಡಿಗರ ನಡುವೆ ಕನ್ನಡಿಗನಂತಿರಬೇಕು, ಅವರ ನುಡಿಯನ್ನು ಆಳವಾಗಿ ಕಲಿಯಬೇಕು ಎಂಬುದು ಅವರ ಹಂಬಲ. ಇದು ಹಿರಿಯ ಬೋಧಕರಿಗೂ ಸಂಘದ ಅಧಿಕಾರಿಗಳಿಗೂ ಹಿಡಿಸಲಿಲ್ಲ. ಧರ್ಮಬೋಧೆಗೆ ಬಂದವನಿಗೆ ಛಂದಸ್ಸು ವ್ಯಾಕರಣಗಳೇಕೆ ಎಂಬ ಭಾವನೆ. ಅವರ ಮುಖ ನೋಡಿ ಕಿಟ್ಟೆಲರು ಕೆಲಸವನ್ನು ಬಿಟ್ಟಿದ್ದರೆ, ಕೇಶಿರಾಜನ ಶಬ್ದಮಣಿದರ್ಪಣವೂ ನಾಗವರ್ಮನ ಛಂದೋಂಬುಧಿಯೂ ಅವರ ಕೈಯಿಂದ ಅಚ್ಚಾಗುತ್ತಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ಆ ಮಹಾಕೋಶ ಹುಟ್ಟುತ್ತಿರಲಿಲ್ಲ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಪದವಿಯನ್ನು ಕೊಟ್ಟದ್ದು 1896ರಲ್ಲಿ. 1903ರಲ್ಲಿ ಅವರು ತೀರಿಕೊಂಡರು. ಇಂದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಪ್ರತಿಮೆಯನ್ನು ನೋಡುವವರು ಒಂದನ್ನು ಮರೆಯಬಾರದು: ಕೆಲಸದ ನಡುವಣ ನಾಲ್ಕು ದಶಕಗಳಲ್ಲಿ ಈ ಪ್ರತಿಮೆ ಇರಲಿಲ್ಲ. ಬಂದ ಮನ್ನಣೆ ಕೆಲಸ ಮುಗಿದಮೇಲೆ ಬಂದಿತು. ಕೆಲಸ ನಡೆಯುವಾಗ ಅವರನ್ನು ನಿಲ್ಲಿಸಿದ್ದು ಬೇರೇನೋ ಇದ್ದಿರಬೇಕು.

ಇನ್ನೊಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದರು. ಇವರ ಮನಸ್ಸು ಹರಿದದ್ದು ಸರ್ವಜ್ಞನ ಕಡೆಗೆ. ಊರೂರು ಅಲೆದು, ಓಲೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಹುಡುಕಿ, ಜನರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಇಂಥ ಕೆಲಸವನ್ನು ಹಿಡಿದ ಪಾದ್ರಿಯ ಪಾಡನ್ನು ಊಹಿಸುವುದು ಕಷ್ಟವಲ್ಲ. ಕ್ರಿಸ್ತನ ಬೋಧಕನಿಗೆ ಶಿವನನ್ನು ನೆನೆಯುವ ಕವಿಯಲ್ಲೇನು ಕೆಲಸವೆಂಬ ಪ್ರಶ್ನೆ ಒಂದು ಕಡೆ; ನಮ್ಮ ಕವಿಯನ್ನು ಪಾದ್ರಿ ಏಕೆ ಮುಟ್ಟಿದನೋ, ಒಳಗೇನು ಉದ್ದೇಶವೋ ಎಂಬ ಸಂದೇಹ ಇನ್ನೊಂದು ಕಡೆ. ಎರಡು ನಾಲ್ಕು ಜನದ ನಡುವೆ ಸಿಕ್ಕಿದವನು ಸಾಮಾನ್ಯವಾಗಿ ಯಾವುದಾದರೊಂದು ಗುಂಪನ್ನು ಮೆಚ್ಚಿಸಲು ಮತ್ತೊಂದನ್ನು ಬೈಯುತ್ತಾನೆ. ಉತ್ತಂಗಿಯವರು ಹಾಗೆ ಮಾಡಲಿಲ್ಲ. ಅವರು ಕ್ರಿಸ್ತನನ್ನೂ ಬಿಡಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ; ಶಿವಶರಣರ ಅನುಭವಮಂಟಪವನ್ನು ಕುರಿತು ಶ್ರದ್ಧೆಯಿಂದ ಬರೆದರು. ಕನ್ನಡಿಗರು ಅವರನ್ನು ತಿರುಳ್ಗನ್ನಡದ ತಿರುಕನೆಂದು ಕರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ವಚನಗಳನ್ನು ತಿರಿದು ಕೂಡಿಸಿದವರು ಮೆಚ್ಚುಗೆಯನ್ನು ತಿರಿಯಲಿಲ್ಲ. ಅದು ತಾನಾಗಿ ಬಂದಿತು, ಬಂದದ್ದನ್ನು ವಿನಯದಿಂದ ಸ್ವೀಕರಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೇವರು ಮೆಚ್ಚಿದ್ದಾನೆ, ಇನ್ನು ಯಾರ ಮಾತನ್ನು ಏಕೆ ಕೇಳಬೇಕು ಎಂದು ಎದೆ ಸೆಟೆಸಿ ನಡೆಯುವವರೂ ಉಂಟು. ಅದು ಭದ್ರತೆಯಲ್ಲ, ಮೊಂಡುತನ. ನಿಜವಾಗಿ ನೆಲೆ ಸಿಕ್ಕಿದವನ ಗುರುತು ಬೇರೆ: ಅವನು ತನ್ನ ತಪ್ಪನ್ನು ಕೇಳಿಸಿಕೊಳ್ಳಬಲ್ಲನು. ಮಾನವೆಂಬುದು ಕೈಯಲ್ಲಿರುವ ಒಂದೇ ಮಣ್ಣಿನ ಗಡಿಗೆಯಾದರೆ ಯಾರು ತಗಲಿದರೂ ಒಡೆದೀತೆಂದು ಮನುಷ್ಯನು ಹೆದರುತ್ತಾನೆ; ಮನೆಯಲ್ಲಿ ಬಾವಿಯಿದೆಯೆಂದು ತಿಳಿದವನು ಗಡಿಗೆ ಒಡೆದರೆ ನಕ್ಕು ಇನ್ನೊಂದನ್ನು ತರುತ್ತಾನೆ. ಪೌಲನ ಆಕ್ಷೇಪಣೆಯಿಂದ ಪೇತ್ರನು ಕೆಟ್ಟುಹೋಗಲಿಲ್ಲ. ಪೇತ್ರನ ಹೆಸರಿನಲ್ಲಿರುವ ಎರಡನೆಯ ಪತ್ರಿಕೆ ಪೌಲನನ್ನು ಪ್ರಿಯ ಸಹೋದರನೆಂದೇ ಕರೆಯುತ್ತದೆ.

ಉಪಾಧ್ಯಾಯನ ಕಥೆ ಉಳಿದಿದೆ. ಮರುದಿನ ಅವನು ಪ್ರಮುಖರು ಕೂಡಿದ್ದ ಜಗಲಿಗೆ ತಾನೇ ಹೋಗಿ, ಹುಡುಗನನ್ನು ತಾನು ಅಂಚೆಮನೆಗೆ ಕಳುಹಿಸಿದ್ದನೆಂದೂ, ನಿನ್ನೆ ಹೇಳಬೇಕಾಗಿದ್ದಿತೆಂದೂ, ಹೆದರಿ ಸುಮ್ಮನಿದ್ದನೆಂದೂ ಹೇಳಿದನು. ಹೇಳುವಾಗ ಕಾಲು ನಡುಗಿತು. ನಂಬಿಕೆಯಿದ್ದವನಿಗೆ ಕಾಲು ನಡುಗುವುದಿಲ್ಲವೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅಲ್ಲಿಂದ ಹುಡುಗನ ಗುಡಿಸಲಿಗೆ ಹೋದನು. ತಾಯಿ ಅವನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಚಾಪೆ ಬಿಡಿಸಿ, “ಕೂತ್ಕೊಳ್ಳಿ ಮೇಷ್ಟ್ರೇ” ಎಂದಳು. ಹುಡುಗನು ಸೋಮವಾರ ಶಾಲೆಗೆ ಬಂದನು. ಊರಿನಲ್ಲಿ ‘ಬಹಳ ಸಾಧು’ ಎಂಬ ಮಾತು ಅಂದಿನಿಂದ ಕಡಮೆಯಾಯಿತು. ಇಬ್ಬರು ಮೂವರು ಅವನನ್ನು ಕಂಡರೆ ಮುಖ ತಿರುಗಿಸುವರು. ಅವರ ಅರ್ಜಿಗಳನ್ನೂ ಅವನು ಹಿಂದಿನಂತೆಯೇ ಬರೆದುಕೊಡುತ್ತಾನೆ. ಮೊದಲು ಅವರಿಗೆ ಬೇಕಾದವನಾಗಲೆಂದು ಬರೆಯುತ್ತಿದ್ದನು. ಈಗ ಅವರಿಗೆ ಅರ್ಜಿ ಬೇಕಾಗಿದೆಯೆಂದು ಬರೆಯುತ್ತಾನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಅರ್ಜಿ.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿಯೂ ನಾಲ್ಕು ಜನ ಬರುತ್ತಾರೆ. ಕಪೆರ್ನೌಮೆಂಬ ಊರಿನಲ್ಲಿ ಪಾರ್ಶ್ವವಾಯು ಬಡಿದ ಒಬ್ಬನನ್ನು ಹಾಸಿಗೆಯ ಸಹಿತ ಹೊತ್ತುಕೊಂಡು ಬಂದವರು ಅವರು. ಯೇಸುವಿದ್ದ ಮನೆಯ ಬಾಗಿಲಿನಲ್ಲಿ ಜನಸಂದಣಿ. ಒಳಗೆ ಹೋಗಲು ದಾರಿಯಿಲ್ಲ. ಅವರು ಮಾಳಿಗೆಯನ್ನೇರಿ, ಅದನ್ನು ಅಗೆದು ತೆರೆದು, ರೋಗಿಯನ್ನು ಕೆಳಕ್ಕೆ ಇಳಿಬಿಟ್ಟರು. ತೊಲೆ ಜಂತೆಗಳ ಮೇಲೆ ಕಡ್ಡಿ ಹರಡಿ ಮಣ್ಣು ಮೆತ್ತಿದ ಮಾಳಿಗೆಯ ಮನೆಗಳನ್ನು ಕಂಡಿರುವ ಬಯಲುಸೀಮೆಯವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ: ಉದುರುವ ಮಣ್ಣು, ಧೂಳು, ಕೆಳಗೆ ಕುಳಿತ ಶಾಸ್ತ್ರಿಗಳ ಗಂಟಿಕ್ಕಿದ ಹುಬ್ಬು. ಆ ರೋಗಿ ಯಾರನ್ನು ಮೆಚ್ಚಿಸಿದ್ದನು? ಹಾಸಿಗೆಯಿಂದ ಏಳಲಾರದವನು ಯಾರಿಗೆ ಏನು ಮಾಡಬಲ್ಲವನಾಗಿದ್ದನು? ಅವನು ಎದ್ದು ನಡೆಯುವುದಕ್ಕೆ ಮೊದಲೇ, ಯೇಸು ಅವನನ್ನು ಮಗನೆಂದು ಕರೆದು ಪಾಪಕ್ಷಮೆಯ ಮಾತನ್ನು ಆಡಿದನು. ನಡೆದದ್ದು ಆಮೇಲೆ.

“ಹೊರುವುದಕ್ಕೆ ನಾಲ್ಕು ಜನ ಬೇಡವೆ?” ಎಂಬ ಹಿರಿಯರ ಮಾತು ಸುಳ್ಳಲ್ಲ. ಬೇಕು. ಆದರೆ ನಾಲ್ವರನ್ನು ಸಂಪಾದಿಸಿಕೊಳ್ಳಬೇಕೆಂದು ಆಯುಷ್ಯವೆಲ್ಲ ಅವರ ಮುಖ ನೋಡುತ್ತ ಕಳೆದವನು, ಇನ್ನೊಬ್ಬನ ಹಾಸಿಗೆಯ ಒಂದು ಮೂಲೆಯನ್ನು ಹಿಡಿಯಲು ಬಿಡುವಿಲ್ಲದೆ ಹೋಗುತ್ತಾನೆ. ತನ್ನನ್ನು ಹೊತ್ತಿರುವ ಕೈ ಒಂದುಂಟೆಂದು ನಂಬಿದವನ ಹೆಗಲು ಮಾತ್ರ ಅದಕ್ಕೆ ತೆರವಾಗಿರುತ್ತದೆ.